ಗರೀಬ್ ಎಂದರೆ ಬಡವನಲ್ಲ

ವಿರಾಜಪೇಟೆಯ ನಮ್ಮ ಕೇರಿಯಲ್ಲಿ ಯಾರಾದರೂ ಗಲ್ಫಿಗೆ ಹೋದರೆ ಗಲ್ಫಿಗೆ ಹೋದರು ಎಂದು ಹೇಳುತ್ತಿರಲಿಲ್ಲ. 'ಮಾಕುಟ್ಟ ಇಳಿದರು' ಎನ್ನುತ್ತಿದ್ದರು. ಪೆರುಂಬಾಡಿ ದಾಟಿದ ಮೇಲೆ ರಸ್ತೆ ಬ್ರಹ್ಮಗಿರಿಯ ಕಾಡಿನೊಳಗೆ ಸುತ್ತುತ್ತ ಇಳಿಯುತ್ತದೆ. ನಡು ಮಧ್ಯಾಹ್ನವೂ ನೆಲಕ್ಕೆ ಬಿಸಿಲು ಬೀಳದ ಕಾಡು. ಮಳೆಗಾಲದಲ್ಲಿ ಇಳಿದು ನಿಂತರೆ ಕಾಲಿಗೆ ಜಿಗಣೆ. ಕೊನೆಗೆ ಮಾಕುಟ್ಟದ ಚೆಕ್‌ಪೋಸ್ಟು, ಅದರಾಚೆ ಕೂಟುಪುಳದ ಹಳೆಯ ಸೇತುವೆ, ಸೇತುವೆಯ ಆ ತುದಿಯಲ್ಲಿ ಕೇರಳ. ಬೆಳಗಿನ ಜಾವ ತಲಶ್ಶೇರಿ ಕಡೆಯಿಂದ ಮೀನಿನ ಗಾಡಿಗಳು ಆ ರಸ್ತೆಯನ್ನು ಹತ್ತಿ ಬರುತ್ತಿದ್ದವು. ನಮ್ಮ ಗಂಡಸರು ಅದೇ ರಸ್ತೆಯಲ್ಲಿ ಇಳಿದು ಹೋಗುತ್ತಿದ್ದರು.

ನಮ್ಮ ಚಾಚಾ ಮಾಕುಟ್ಟ ಇಳಿದದ್ದು 1984ರಲ್ಲಿ. ಆಗ ಹತ್ತಿರದಲ್ಲಿ ವಿಮಾನವೆಂಬುದೇ ಇರಲಿಲ್ಲ. ಕೋಝಿಕ್ಕೋಡಿನ ಕರಿಪುರ ವಿಮಾನ ನಿಲ್ದಾಣ ಶುರುವಾಗಿದ್ದು 1988ರಲ್ಲಿ, ಮಟ್ಟನ್ನೂರಿನದು 2018ರ ಡಿಸೆಂಬರಿನಲ್ಲಿ. ತಲಶ್ಶೇರಿಯ ಏಜೆಂಟನ ಕೈಗೆ ಹಣ ಕೊಟ್ಟು, ಬೊಂಬಾಯಿಗೆ ಹೋಗಿ, ಡೋಂಗ್ರಿಯ ಒಂದು ಕೋಣೆಯಲ್ಲಿ ಹನ್ನೆರಡು ಜನರ ಜೊತೆ ತಿಂಗಳುಗಟ್ಟಲೆ ವೀಸಾ ಕಾದು, ಆಮೇಲೆ ಜಿದ್ದಾ. ನಾವು ಎಂದರೆ ಅವರ ಅಣ್ಣನ ನಾಲ್ಕು ಮಕ್ಕಳು. ಉರ್ದು ಶಾಲೆಯಲ್ಲಿ ಅಲಿಫ್ ಬೇ ಕಲಿತು ಹೈಸ್ಕೂಲಿನಲ್ಲಿ ಕನ್ನಡಕ್ಕೆ ಹೊರಳಿದವರು. ಒಬ್ಬರಿಗೆ ಮುಂದೆ ಕತೆ ಬರೆಯುವ ಚಟ ಹತ್ತಿತು, ಉಳಿದ ಮೂವರು ನೆಮ್ಮದಿಯಾಗಿದ್ದಾರೆ. ನಮ್ಮ ಫೀಸು, ಪುಸ್ತಕ, ಅಕ್ಕನ ಮದುವೆ ಎಲ್ಲವೂ ಚಾಚಾ ಕಳಿಸಿದ ಡ್ರಾಫ್ಟುಗಳಿಂದ ಆದವು.

ಊರಿನಲ್ಲಿ ಚಾಚಾಗೆ ಒಂದು ಸಣ್ಣ ಸ್ಟುಡಿಯೋ ಇತ್ತು. ಯಾಶಿಕಾದ ಎರಡು ಕಣ್ಣಿನ ಕ್ಯಾಮೆರಾ, ತಾಜಮಹಲಿನ ಪರದೆ, ಹಿಂದೆ ಒಂದು ಡಾರ್ಕ್ ರೂಮು. ಕೊಡಗಿನ ಮಳೆಗಾಲದಲ್ಲಿ ಫೋಟೋ ತೊಳೆಯುವುದು ಎಂಥ ಕಷ್ಟವೆಂದು ಈಗಿನ ಮೊಬೈಲಿನ ಕಾಲದಲ್ಲಿ ಹೇಳಿದರೆ ಅರ್ಥವಾಗುವುದು ಕಷ್ಟ. ಫೋಟೋ ತೊಳೆಯುವ ಔಷಧಿ 20 ಡಿಗ್ರಿಯಲ್ಲಿದ್ದರೆ ಸರಿಯಾಗಿ ಕೆಲಸ ಮಾಡುತ್ತದೆ. ಜುಲೈ ತಿಂಗಳ ರಾತ್ರಿಗಳಲ್ಲಿ ಅದು ಅದಕ್ಕಿಂತ ತಣ್ಣಗಾಗಿ ಕುಳಿತಿರುತ್ತಿತ್ತು. ಚಾಚಾ ಟ್ರೇಯ ಕೆಳಗೆ ಕೆಂಡದ ಬಟ್ಟಲಿಟ್ಟು ಬೆಚ್ಚಗೆ ಮಾಡುತ್ತಿದ್ದರು. ತೊಳೆದ ಫೋಟೋ ಮೂರು ದಿನವಾದರೂ ಒಣಗದು. ಲೆನ್ಸಿನೊಳಗೆ ಜೇಡರ ಬಲೆಯಂತೆ ಬೂಷ್ಟು ಹಿಡಿಯುವುದು. ಅದಕ್ಕೆ ಕ್ಯಾಮೆರಾವನ್ನು ಬಲ್ಬು ಉರಿಸಿದ ಮರದ ಪೆಟ್ಟಿಗೆಯಲ್ಲಿ ಮಲಗಿಸುತ್ತಿದ್ದರು. ಮಕ್ಕಳಿಗೆ ಕಂಬಳಿ ಇಲ್ಲ, ಕ್ಯಾಮೆರಾಗೆ ಮಾತ್ರ ಬಿಸಿ ಗೂಡು ಎಂದು ದಾದಿ ಬೈಯುತ್ತಿದ್ದರು.

ದಾದಿಯ ಕೋಪಕ್ಕೆ ಬೇರೆ ಕಾರಣವೂ ಇತ್ತು. ಜೀವವಿರುವುದರ ಚಿತ್ರ ಮಾಡಬಾರದೆಂದು ನಂಬಿದ ತಲೆಮಾರು ಅದು. ಗೋಡೆಯ ಮೇಲೆ ಕಾಬಾದ ಚಿತ್ರವಿತ್ತು, ಅದರಲ್ಲಿ ಮನುಷ್ಯರು ಇರುವೆಗಳಷ್ಟು ಸಣ್ಣಗಿದ್ದುದರಿಂದ ದಾದಿ ಕ್ಷಮಿಸಿದ್ದರು. ಚಾಚಾ ಎಲ್ಲಿಂದಲೋ ಒಂದು ಸಮಾಧಾನ ಹುಡುಕಿಕೊಂಡಿದ್ದರು. ಈಜಿಪ್ಟಿನ ಮುಫ್ತಿಯಾಗಿದ್ದ ಮುಹಮ್ಮದ್ ಬಖೀತ್ ಅಲ್ ಮುತೀಈ ಅವರು ಕ್ಯಾಮೆರಾದ ಚಿತ್ರವೆಂದರೆ ಸೃಷ್ಟಿಯಲ್ಲ, ನೆರಳನ್ನು ಹಿಡಿದಿಡುವುದು ಮಾತ್ರ ಎಂದು ಬರೆದು ಅದಕ್ಕೆ ಅನುಮತಿ ಕೊಟ್ಟಿದ್ದರಂತೆ. ದಾದಿ ಇದನ್ನು ಪೂರ್ತಿ ಕೇಳಿಸಿಕೊಂಡು, "ನಿನ್ನ ಮುಫ್ತಿ ಒಳ್ಳೆಯವರೇ ಇರಬಹುದು. ಆದರೂ ಮೇರಿ ತಸ್ವೀರ್ ನಕ್ಕೋ" ಎಂದಿದ್ದರು. ಅವರು 1991ರಲ್ಲಿ ತೀರಿಕೊಂಡರು. ಸಾವಿರಾರು ಮುಖ ತೆಗೆದ ಮಗನ ಬಳಿ ತಾಯಿಯ ಒಂದು ಫೋಟೋ ಇಲ್ಲ.

ಚಾಚಾ ಜಿದ್ದಾಕ್ಕೆ ಹೋಗುವಾಗ ಹೆದರಿರಲಿಲ್ಲ. ಇಂಗ್ಲೆಂಡಿಗೋ ಅಮೆರಿಕಕ್ಕೋ ಹೋಗುವುದಾದರೆ ಹೆದರಬೇಕಿತ್ತು, ಇದು ನಮ್ಮದೇ ಕಿಬ್ಲಾದ ದಿಕ್ಕು, ನಮ್ಮ ಸಲಾಂ, ನಮ್ಮ ಅಝಾನ್, ಪರಕೀಯವೆನ್ನುವುದು ಏನಿರುತ್ತದೆ ಎಂದುಕೊಂಡಿದ್ದರಂತೆ. ನಮ್ಮ ಇಡೀ ಮನೆಯೇ ಹಾಗೆ ಅಂದುಕೊಂಡಿತ್ತು. ಹೋದ ಮೊದಲ ವಾರವೇ ನೀರು ಪಾಠ ಕಲಿಸಿತು. ಅಲ್ಲಿ ನಲ್ಲಿಯ ನೀರು ಮಾಳಿಗೆಯ ಟ್ಯಾಂಕಿನಿಂದ ಕುದಿದು ಇಳಿಯುತ್ತಿತ್ತು. ಊರಿನ ಅಭ್ಯಾಸದಲ್ಲಿ ಫಿಲ್ಮು ತೊಳೆದರೆ ಮೇಲಿನ ಪದರ ಉಬ್ಬಿ, ಸುಕ್ಕುಗಟ್ಟಿ, ಕೆಸರಿನ ಗದ್ದೆ ಒಣಗಿದಂತೆ ಬಿರುಕು ಬಿಟ್ಟಿತು. ಕೆಂಡವಿಟ್ಟು ಬೆಚ್ಚಗೆ ಮಾಡುತ್ತಿದ್ದ ಮನುಷ್ಯ ಅಲ್ಲಿ ಮೀನಿನಂಗಡಿಯಿಂದ ಐಸ್ ತಂದು ಟ್ರೇಯ ಸುತ್ತ ಸುರಿದುಕೊಂಡು ಕುಳಿತರು. ಕಲರ್ ಫಿಲ್ಮಿಗೆ ಮಾತ್ರ 38 ಡಿಗ್ರಿ ಬೇಕು. "ಅದಕ್ಕೆ ಜಿದ್ದಾದ ನಲ್ಲಿಯೇ ಉಸ್ತಾದ್" ಎಂದು ಚಾಚಾ ನಗುತ್ತಿದ್ದರು. ಎಸಿಯ ಕೋಣೆಯಿಂದ ಕ್ಯಾಮೆರಾ ಹಿಡಿದು ಬೀದಿಗೆ ಬಂದರೆ ಸಮುದ್ರದ ತೇವಕ್ಕೆ ಲೆನ್ಸು ಮಂಜು ಹಿಡಿದು ಕುರುಡಾಗುತ್ತಿತ್ತು. ಕಾಲು ಗಂಟೆ ಕಾಯಬೇಕು. ಹಾಗೆಂದು ಬೀದಿಯಲ್ಲಿ ಫೋಟೋ ತೆಗೆಯುವ ಸ್ವಾತಂತ್ರ್ಯವೇನೂ ಇರಲಿಲ್ಲ. ಹವಳದ ಕಲ್ಲಿನಲ್ಲಿ ಕಟ್ಟಿದ, ಮರದ ಕೆತ್ತನೆಯ ಕಿಟಕಿಗಳು ಬೀದಿಗೆ ಚಾಚಿಕೊಂಡ ಬಲದ್ ಎಂಬ ಹಳೆಯ ಪೇಟೆಯನ್ನು ನೋಡಿ ಅವರ ಕೈ ತುರಿಸುತ್ತಿತ್ತಂತೆ. ಹದಿನಾಲ್ಕು ವರ್ಷದಲ್ಲಿ ಆ ಪೇಟೆಯದು ಎರಡೇ ಫೋಟೋ, ಅದೂ ನಡುಗುವ ಕೈಯದು.

ಒಂದು ಪ್ರಸಂಗವನ್ನು ಚಾಚಾ ನಮಗೆ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ಸ್ಟುಡಿಯೋಗೆ ವಯಸ್ಸಾದ ಅರಬರೊಬ್ಬರು ಬಂದರು. ಚಾಚಾ ಊರಿನ ಫೋಟೋಗ್ರಾಫರುಗಳ ಹಾಗೆ ಹತ್ತಿರ ಹೋಗಿ ಅವರ ಗಲ್ಲಕ್ಕೆ ಬೆರಳು ಹಚ್ಚಿ ಮುಖವನ್ನು ಸ್ವಲ್ಪ ಎತ್ತಿದರು, ತಲೆಯ ಮೇಲಿನ ಕಪ್ಪು ಹುರಿಯನ್ನು ಸರಿ ಮಾಡಲು ಕೈ ಹಾಕಿದರು. ಮುದುಕರು ಕೈಯನ್ನು ತಳ್ಳಿ ಎದ್ದು ನಿಂತು "ಇಂತ ಗರೀಬ್!" ಎಂದರು. ಚಾಚಾಗೆ ಕಣ್ಣು ಕತ್ತಲೆ ಬಂತು. ಗರೀಬ್! ಬಡವ ಎಂದುಬಿಟ್ಟರಲ್ಲ! ಸ್ಟುಡಿಯೋದ ಮೇಲ್ವಿಚಾರಕನಾಗಿದ್ದ ಈಜಿಪ್ಟಿನವನು ಮುದುಕರನ್ನು ಸಮಾಧಾನ ಮಾಡಿ ಕಳಿಸಿ, ಡಾರ್ಕ್ ರೂಮಿನಲ್ಲಿ ಅಳುತ್ತಿದ್ದ ಚಾಚಾಗೆ ಬಿಡಿಸಿ ಹೇಳಿದ. ಅರಬಿಯಲ್ಲಿ ಗರೀಬ್ ಎಂದರೆ ಬಡವನಲ್ಲ. ಹೊರಗಿನವನು, ಅಪರಿಚಿತ, ವಿಚಿತ್ರ ಎಂದು ಅರ್ಥ. "ಬಡವ ಅಂದಿದ್ದರೆ ನಿಜವಾದರೂ ಆಗುತ್ತಿತ್ತು" ಎಂದು ಚಾಚಾ ಪ್ರತಿಸಲವೂ ಇಲ್ಲಿ ನಿಲ್ಲಿಸುತ್ತಿದ್ದರು.

ನಾವು ಉರ್ದು ಓದಿದವರಿಗೆ ಈ ಮೋಸ ಚೆನ್ನಾಗಿ ಗೊತ್ತು. ಉರ್ದುವಿನ ಜುಲೂಸ್ ಎಂದರೆ ಮೆರವಣಿಗೆ, ಅರಬಿಯಲ್ಲಿ ಅದೇ ಶಬ್ದಕ್ಕೆ ಕುಳಿತುಕೊಳ್ಳುವುದು ಎಂದರ್ಥ. ಉರ್ದುವಿನಲ್ಲಿ ಖಸಮ್ ಎಂದರೆ ಗಂಡ, ಅರಬಿಯಲ್ಲಿ ಎದುರಾಳಿ. ಇದರಲ್ಲಿ ತಪ್ಪೇನಿದೆ ಎಂದು ನಮ್ಮ ಅಕ್ಕ ಕೇಳುತ್ತಾಳೆ. ನಮ್ಮದೇ ಮನೆಯಲ್ಲಿ ಬೆಳೆದ ಶಬ್ದಗಳು ತವರಿಗೆ ಹೋಗಿ ನಿಂತರೆ ಅಲ್ಲಿನವರಿಗೆ ಗುರುತೇ ಸಿಗುವುದಿಲ್ಲ. ಚಾಚಾಗೂ ಆದದ್ದು ಅದೇ. ಮರುದಿನ ಆ ಮುದುಕರು ಮತ್ತೆ ಬಂದರು. ಕನ್ನಡಿಯ ಮುಂದೆ ತಾವೇ ನಿಂತು ಹುರಿ ಸರಿಮಾಡಿಕೊಂಡು, ತಾವೇ ಗಲ್ಲ ಎತ್ತಿ ಕುಳಿತರು. ಫೋಟೋ ಒಯ್ಯಲು ಬಂದಾಗ ಒಂದು ಪೊಟ್ಟಣ ಖರ್ಜೂರ ತಂದಿದ್ದರು. 1998ರಲ್ಲಿ ವಾಪಸು ಬಂದು ವಿರಾಜಪೇಟೆಯಲ್ಲಿ ಮತ್ತೆ ಸ್ಟುಡಿಯೋ ತೆರೆದಾಗ ಚಾಚಾ ಮೊದಲು ಕೊಂಡದ್ದು ಆಳೆತ್ತರದ ಕನ್ನಡಿ. ಆಮೇಲೆ ಅವರು ಯಾರ ಗಲ್ಲವನ್ನೂ ಮುಟ್ಟಲಿಲ್ಲ.

ಅರಬರ ನಾಡಿನಲ್ಲಿ ಹೆಸರು ಮಾಡಿದ ನಮ್ಮ ದೇಶದ ಫೋಟೋಗ್ರಾಫರರಿದ್ದಾರೆ. ಬೊಂಬಾಯಿಯ ರಮೇಶ್ ಶುಕ್ಲಾ 1965ರಲ್ಲಿ ಹಡಗು ಹತ್ತಿ ಹೋಗಿ, 1971ರ ಡಿಸೆಂಬರ್ 2ರಂದು ಎಮಿರೇಟುಗಳ ಅರಸರು ಒಕ್ಕೂಟವಾಗಿ ಧ್ವಜದ ಕೆಳಗೆ ನಿಂತ ಚಿತ್ರ ತೆಗೆದರು. 2021ರ 50 ದಿರ್ಹಮಿನ ನೋಟಿನಲ್ಲಿ ಆ ದೃಶ್ಯವಿದೆ. ಅದಕ್ಕೂ ಬಹಳ ಹಿಂದೆ, 1907ರ ಸುಮಾರಿಗೆ, ದೆಹಲಿಯ ಎಚ್. ಎ. ಮಿರ್ಝಾ ಮೆಕ್ಕಾ ಮದೀನಾಗಳ ಫೋಟೋ ತೆಗೆದು ತಂದಿದ್ದರು. ಚಾಚಾ ತೆಗೆದದ್ದೆಲ್ಲ ಒಂದೂವರೆ ಇಂಚಿನ ಮುಖಗಳು. ಇಕಾಮಾಕ್ಕೆ, ಪಾಸ್‌ಪೋರ್ಟಿಗೆ, ಡ್ರೈವಿಂಗ್ ಲೈಸೆನ್ಸಿಗೆ. ಹಜ್ಜಿನ ಕಾಲದಲ್ಲಿ ಕಾಗದ ಕಳೆದುಕೊಂಡ ನೈಜೀರಿಯಾದ, ಇಂಡೋನೇಷ್ಯಾದ ಯಾತ್ರಿಕರು. ಉಳಿದ ದಿನಗಳಲ್ಲಿ ಬಂಗಾಲಿಗಳು, ಯಮನಿಗಳು, ಫಿಲಿಪ್ಪೀನಿನವರು, ಮಲಯಾಳಿಗಳು. ಶುಕ್ರವಾರ ರಜೆಯ ದಿನ ಮನೆಗೆ ಕಳಿಸುವ ದೊಡ್ಡ ಫೋಟೋಗಾಗಿ ಬರುವವರು ಬೇರೆ. ಅವರಿಗಾಗಿ ಸ್ಟುಡಿಯೋದಲ್ಲಿ ಒಂದು ಪರದೆಯಿತ್ತು. ಹಸಿರು ಕಾಡು, ಬಂಡೆಯಿಂದ ಧುಮುಕುವ ತೊರೆ, ಜರಿಗಿಡಗಳು. ಊರಲ್ಲಿ ತಾಜಮಹಲಿನ ಮುಂದೆ ಜನರನ್ನು ನಿಲ್ಲಿಸುತ್ತಿದ್ದ ಚಾಚಾ ಮರಳುಗಾಡಿನಲ್ಲಿ ಮಾಕುಟ್ಟದಂಥ ಕಾಡಿನ ಮುಂದೆ ನಿಲ್ಲಿಸಿದರು.

ಇನ್ನೊಂದು ವಸ್ತು ಸ್ಟುಡಿಯೋದ ಕೋಟು. ಬೂದು ಬಣ್ಣದ್ದು. ಬಂದ ಎಲ್ಲರಿಗೂ ಅದೇ ಕೋಟು, ಅದೇ ಟೈ. ಗಾರೆ ಕೆಲಸದವನೂ ಅದನ್ನು ತೊಟ್ಟರೆ ಬ್ಯಾಂಕಿನ ಮ್ಯಾನೇಜರ್. ಸಣಕಲ, ದಪ್ಪ ಎಲ್ಲರಿಗೂ ಸರಿಹೊಂದಬೇಕಾದ್ದರಿಂದ ಅದಕ್ಕೆ ಬೆನ್ನೇ ಇರಲಿಲ್ಲ. ಮುಂಭಾಗ ಮತ್ತು ತೋಳು ಮಾತ್ರ. ಹಿಂದಿನಿಂದ ಬಟ್ಟೆಯ ಕ್ಲಿಪ್ಪು ಹಾಕಿ ಬಿಗಿಯುವುದು. ಅದನ್ನು ಹೊಲಿದವರು ಪಕ್ಕದಂಗಡಿಯ ದರ್ಜಿ, ಇರಿಟ್ಟಿಯ ಕಡೆಯ ಒಬ್ಬ ಕ್ರೈಸ್ತರು.

ಇವರ ಬಗ್ಗೆ ಚಾಚಾ ಯಾವಾಗಲೂ ಚೇಟ್ಟಾಯಿ ಎಂದೇ ಮಾತಾಡುತ್ತಿದ್ದರು. ಮಾಕುಟ್ಟದ ಸೇತುವೆಯಿಂದ ಇರಿಟ್ಟಿಗೆ ಬಸ್ಸಿನಲ್ಲಿ ಅರ್ಧ ಗಂಟೆಯೂ ಇಲ್ಲ. ಎರಡು ಮನೆಗಳ ನಡುವೆ ಒಂದು ಕಾಡು, ಒಂದು ಹೊಳೆ. ಊರಲ್ಲಿದ್ದಿದ್ದರೆ ಜನ್ಮದಲ್ಲಿ ಭೇಟಿಯಾಗುತ್ತಿರಲಿಲ್ಲ. ಜಿದ್ದಾದಲ್ಲಿ ಒಂದೇ ಕೋಣೆಯಲ್ಲಿ ಎದುರುಬದುರು ಮಂಚ. ಮೊದಲ ದಿನ ಚೇಟ್ಟಾಯಿ "ಪಳ್ಳಿಗೆ ಹೋಗಬೇಕಿತ್ತು" ಎಂದು ನಿಟ್ಟುಸಿರು ಬಿಟ್ಟಾಗ ಚಾಚಾ ಉತ್ಸಾಹದಿಂದ ಬೀದಿಯ ಕೊನೆಯ ಮಸೀದಿ ತೋರಿಸಿದರಂತೆ. ಮಲಯಾಳದಲ್ಲಿ ಮಸೀದಿಯೂ ಪಳ್ಳಿಯೇ, ಚರ್ಚೂ ಪಳ್ಳಿಯೇ. ಚಾಚಾ ಮೊದಲ ಸಲ ಉಮ್ರಾಕ್ಕೆ ಹೊರಟಾಗ ಇಹ್ರಾಮಿನ ಎರಡು ಬಿಳಿ ಬಟ್ಟೆಗಳಿಗೆ ಇಸ್ತ್ರಿ ಹಾಕಿ ಕೊಟ್ಟವರು ಅವರೇ. ಇಹ್ರಾಮಿನ ಬಟ್ಟೆಗೆ ಹೊಲಿಗೆ ಇರಬಾರದು ಎಂದು ತಿಳಿದು, "ಇಡೀ ಜಗತ್ತು ಹಜ್ಜಿಗೆ ಹೊರಟರೆ ನಮ್ಮಂಥ ದರ್ಜಿಗಳು ಹೊಟ್ಟೆಗೆ ಏನು ಮಾಡಬೇಕು ಇಕ್ಕಾ?" ಎಂದು ಕೇಳಿದ್ದರಂತೆ. ಮೆಕ್ಕಾದ ದಾರಿಯಲ್ಲಿ ಒಂದು ಚೆಕ್‌ಪೋಸ್ಟು ಬರುತ್ತದೆ. ಅದರಾಚೆ ಮುಸ್ಲಿಮರಿಗೆ ಮಾತ್ರ ದಾರಿ. ಇಕಾಮಾದಲ್ಲಿ ಮುಸ್ಲಿಮ್, ಮುಸ್ಲಿಮೇತರ ಎಂದು ಬರೆದಿರುತ್ತಿತ್ತು. ಕೆಳಗೆ ಅಂಟಿಸಿದ ಫೋಟೋದಲ್ಲಿ ಮಾತ್ರ ಇಬ್ಬರದೂ ಒಂದೇ ಕೋಟು.

ಇಷ್ಟು ನಮಗೆ ಗೊತ್ತಿತ್ತು. ಚಾಚಾ ಹೇಳದೆ ಇಟ್ಟುಕೊಂಡದ್ದು ಒಂದಿತ್ತು.

2020ರ ಮಾರ್ಚಿನಲ್ಲಿ ಕೊರೊನಾ ಬಂದು ಗಡಿಗಳು ಮುಚ್ಚಿದವು. ಮಾಕುಟ್ಟದ ರಸ್ತೆಗೆ ಲಾರಿಯಲ್ಲಿ ಮಣ್ಣು ತಂದು ಸುರಿಯಲಾಯಿತು. ಎರಡು ವರ್ಷದ ಹಿಂದೆ, 2018ರ ಜೂನಿನಲ್ಲಿ, ಮಳೆಗೆ ಗುಡ್ಡ ಜರಿದು ಇದೇ ರಸ್ತೆ ಮುಚ್ಚಿತ್ತು. ಆ ಮಣ್ಣು ತಾನಾಗಿ ಬಿದ್ದದ್ದು, ಇದು ಅಳೆದು ಸುರಿದದ್ದು. ಏಪ್ರಿಲಿನ ಒಂದು ರಾತ್ರಿ ಇರಿಟ್ಟಿಯಿಂದ ಫೋನ್ ಬಂತು. ಚೇಟ್ಟಾಯಿ ಹೃದಯ ನಿಂತು ತೀರಿಹೋಗಿದ್ದರು. ಚಾಚಾ ಚಪ್ಪಲಿ ಮೆಟ್ಟಿ ಬಾಗಿಲವರೆಗೆ ಹೋದರು, ಅಲ್ಲೇ ನಿಂತರು. ಎಲ್ಲಿಗೆ ಹೋಗುವುದು? ಕೇರಿಯ ತಿರುವಿನಲ್ಲೇ ಪೊಲೀಸರಿದ್ದರು. ಆ ರಾತ್ರಿ ಅವರು ಮಲಗಲಿಲ್ಲ, ನಮ್ಮನ್ನೂ ಮಲಗಿಸಲಿಲ್ಲ.

ಜಿದ್ದಾದಲ್ಲಿ ಚರ್ಚು ಇರಲಿಲ್ಲ. ಬೇರೆ ಧರ್ಮದವರು ಬಹಿರಂಗವಾಗಿ ಪ್ರಾರ್ಥನೆ ಮಾಡುವಂತಿರಲಿಲ್ಲ. ಕೋಣೆಯಲ್ಲಿ ಎಂಟು ಜನ, ಒಬ್ಬ ಮೊಣಕಾಲೂರಿದರೆ ಏಳು ಜನ ನೋಡುತ್ತಾರೆ, ಅದರಲ್ಲಿ ಯಾರು ಯಾರಿಗೆ ಹೇಳುತ್ತಾರೋ. ಅಲ್ಲಿ ನಮಾಝಿನ ಹೊತ್ತಿಗೆ ಅಂಗಡಿಗಳೆಲ್ಲ ಶಟರು ಎಳೆಯಬೇಕಿತ್ತು. ಒಂದು ಡಿಸೆಂಬರಿನ ಇಶಾ ನಮಾಝಿನ ಹೊತ್ತು, ಚೇಟ್ಟಾಯಿ ಸ್ಟುಡಿಯೋದ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಸುಮ್ಮನೆ ನಿಂತದ್ದನ್ನು ಚಾಚಾ ನೋಡಿದರು. ಅದು ಕ್ರಿಸ್ಮಸ್ಸಿನ ಹಿಂದಿನ ರಾತ್ರಿ ಎಂದು ಆಮೇಲೆ ಹೊಳೆಯಿತು. ಚಾಚಾ ಡಾರ್ಕ್ ರೂಮಿನ ಬಾಗಿಲು ತೆರೆದು "ಒಳಗೆ ಹೋಗಿ" ಎಂದರು. ಹೊರಗಿನ ಕೆಂಪು ದೀಪ ಹಾಕಿದರು. ಆ ದೀಪ ಉರಿಯುವಾಗ ಕಫೀಲನೂ ಬಾಗಿಲು ತೆರೆಯುತ್ತಿರಲಿಲ್ಲ, ಬೆಳಕು ಬಿದ್ದರೆ ಒಂದು ಪೆಟ್ಟಿಗೆ ಪೇಪರು ಹಾಳು. ಚಾಚಾ ವುಝೂ ಮಾಡಿ ಮಸೀದಿಗೆ ಹೋದರು. ವಾಪಸು ಬಂದು ಬಾಗಿಲಿಗೆ ಮೂರು ಸಲ ತಟ್ಟಿದರು.

ಅಂದಿನಿಂದ ಒಂಬತ್ತು ವರ್ಷ ಹಾಗೇ ನಡೆಯಿತಂತೆ. ಭಾನುವಾರಗಳು, ಲೆಂಟಿನ ಉಪವಾಸದ ದಿನಗಳು, ಗುಡ್ ಫ್ರೈಡೆ. ಜಪಮಾಲೆ ಇಟ್ಟುಕೊಳ್ಳುವುದು ಅಪಾಯವೆಂದು ಚೇಟ್ಟಾಯಿ ಅಂಗಿಯ ಗುಂಡಿಗಳನ್ನು ಪೋಣಿಸಿ ಮಾಡಿಕೊಂಡಿದ್ದರು. ಹತ್ತು ಹತ್ತು ಸಣ್ಣ ಗುಂಡಿ, ನಡುವೆ ಕೋಟಿನ ಒಂದು ದೊಡ್ಡ ಗುಂಡಿ. ಯಾರಾದರೂ ನೋಡಿದರೆ ದರ್ಜಿಯ ಜೇಬಿನಲ್ಲಿ ಗುಂಡಿಯ ಸರ, ಅದರಲ್ಲಿ ಏನು ತಪ್ಪು? ದಾದಿ ತೀರಿದ ಸುದ್ದಿ ಬಂದ ದಿನ, ಊರಿಗೆ ಹೊರಡುವ ದಾರಿ ಇಲ್ಲದ ಚಾಚಾ ಅದೇ ಡಾರ್ಕ್ ರೂಮಿನಲ್ಲಿ ಕುಳಿತಿದ್ದರು. ಹೊರಗೆ ಕೆಂಪು ದೀಪ ಹಾಕಿ ಕಾದು ಕುಳಿತವರು ಚೇಟ್ಟಾಯಿ.

"ಇದನ್ನು ಯಾಕೆ ನಮಗೆ ಹೇಳಲಿಲ್ಲ ಚಾಚಾ?"

"ನೀವು ಮಕ್ಕಳು. ಎಲ್ಲಾದರೂ ಆಡುತ್ತೀರಿ. ಜಿದ್ದಾದಲ್ಲಿ ನನ್ನ ವೀಸಾ ಹೋಗುತ್ತಿತ್ತು. ಇಲ್ಲಿ…" ಎಂದು ಅವರು ನಿಲ್ಲಿಸಿದರು.

ಇಲ್ಲಿ ಏನಾಗುತ್ತಿತ್ತು ಎಂಬುದು ನಮ್ಮ ನಡುವೆಯೇ ಸ್ವಲ್ಪ ಹೊತ್ತಿನಲ್ಲಿ ಗೊತ್ತಾಯಿತು. ನಮ್ಮ ದೊಡ್ಡಣ್ಣ, ಐದು ಹೊತ್ತಿನ ನಮಾಝಿಯ, ಒಳ್ಳೆಯ ಮನುಷ್ಯ, ತಡೆದು ತಡೆದು ಕೇಳಿದ: "ಅದು ಜಾಯಿಝ್ ಆಗಿತ್ತಾ ಚಾಚಾ? ಆ ನಾಡಿನಲ್ಲಿ, ಹಾಗೆ ಕದ್ದು?" ನಮ್ಮಲ್ಲಿ ಓದಿಕೊಂಡವರು ತಕ್ಷಣ ನಜ್ರಾನಿನ ಪ್ರಸಂಗ ತೆಗೆದೆವು. ಪ್ರವಾದಿ(ಸ)ರನ್ನು ಕಾಣಲು ಮದೀನಾಕ್ಕೆ ಬಂದ ನಜ್ರಾನಿನ ಕ್ರೈಸ್ತರು ಮಸೀದಿಯೊಳಗೇ ತಮ್ಮ ರೀತಿಯಲ್ಲಿ ಪ್ರಾರ್ಥಿಸಿದರು, ಪ್ರವಾದಿಯವರು ಅದನ್ನು ತಡೆಯಬೇಡಿ ಎಂದರು ಎಂಬುದು ಸೀರಾ ಗ್ರಂಥಗಳಲ್ಲಿದೆ. ವಾದ ಮಾಡುವುದು ನಮಗೆ ಸುಲಭವಾಗಿತ್ತು. ಚಾಚಾ ಎರಡೂ ಕಡೆಯದನ್ನು ಕೇಳಿಸಿಕೊಂಡರು. "ನನಗೆ ಇದೆಲ್ಲ ಆಗ ಗೊತ್ತಿರಲಿಲ್ಲ" ಎಂದರು. "ಒಬ್ಬ ಮನುಷ್ಯ ಗೋಡೆ ನೋಡುತ್ತಾ ನಿಂತಿದ್ದ. ನಾನು ದೀಪ ಹಾಕಿ ನಮಾಝಿಗೆ ಹೋದೆ."

ವಿರಾಜಪೇಟೆಯಲ್ಲಿ ಸಂತ ಅನ್ನಮ್ಮನ ಚರ್ಚಿದೆ. 1792ರಷ್ಟು ಹಳೆಯದು. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಕೊಡಗಿನ ಅರಸ ನೆಲೆ ಕೊಟ್ಟಾಗ ಆದದ್ದು. ಅದರ ಗಂಟೆ ಕೇಳುತ್ತಲೇ ಬೆಳೆದವರು ನಾವು. ನಾಲ್ವರಲ್ಲಿ ಒಬ್ಬರೂ ಅದರ ಒಳಗೆ ಕಾಲಿಟ್ಟಿಲ್ಲವೆಂದು ಆ ರಾತ್ರಿ ಲೆಕ್ಕ ಹಾಕಿದಾಗ ತಿಳಿಯಿತು. ಯಾರೂ ತಡೆದಿರಲಿಲ್ಲ. ಹೋಗಬೇಕೆನಿಸಿರಲಿಲ್ಲ, ಅಷ್ಟೆ.

ಮಣ್ಣು ತೆಗೆದ ಮೇಲೂ ತಕ್ಷಣ ಹೋಗಲಾಗಲಿಲ್ಲ. ಚಾಚಾಗೆ ಮಂಡಿಯ ಆಪರೇಷನ್, ಆಮೇಲೆ ಎರಡನೆಯ ಅಲೆ. 2022ರಲ್ಲಿ, ಕೂಟುಪುಳದಲ್ಲಿ ಹೊಸ ಸೇತುವೆ ತೆ���ೆದ ವರ್ಷ, ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಇಳಿದೆವು. ದೊಡ್ಡಣ್ಣನೇ ಓಡಿಸಿದ. ಮಾಕುಟ್ಟದ ಚೆಕ್‌ಪೋಸ್ಟಿನಲ್ಲಿ ಎಲ್ಲರ ಆಧಾರ್ ಕಾರ್ಡು ಕೇಳಿದರು. ಚಾಚಾ ತಮ್ಮದನ್ನು ಕೊಡುವ ಮುಂಚೆ ಅದರಲ್ಲಿನ ಫೋಟೋ ನೋಡಿ, "ಯಾರು ತೆಗೆದದ್ದೋ, ಕೊಲೆಗಾರನ ಹಾಗಿದ್ದೇನೆ" ಎಂದರು. ಕಾರ್ಡು ನೋಡುತ್ತಿದ್ದ ಹುಡುಗನೂ ನಕ್ಕ.

ಚೇಟ್ಟಾಯಿಯ ಮನೆ ಇರಿಟ್ಟಿಯಿಂದ ಒಳಗೆ, ರಬ್ಬರು ತೋಟದ ನಡುವೆ. ಅವರ ಹೆಂಡತಿ ಅಂಗಳಕ್ಕೆ ಬಂದು ನಿಂತಿದ್ದರು. ಚಾಚಾರನ್ನು ಅವರು ಕಂಡಿದ್ದು ಅದೇ ಮೊದಲು, ಆದರೂ "ಇಕ್ಕಾ" ಎಂದು ಕರೆದು ಕಣ್ಣೊರೆಸಿಕೊಂಡರು. ಹಜಾರದ ಗೋಡೆಯ ಮೇಲೆ, ಸಣ್ಣ ಬಲ್ಬುಗಳ ಮಾಲೆಯೊಳಗೆ, ಚೇಟ್ಟಾಯಿಯ ದೊಡ್ಡ ಫೋಟೋ. ಬೂದು ಕೋಟು, ಟೈ. ಇಕಾಮಾಕ್ಕೆ ತೆಗೆದ ಚಿತ್ರವನ್ನೇ ದೊಡ್ಡದು ಮಾಡಿಸಿದ್ದು. ಮೊಳೆಯ ಮೂಲೆಯಲ್ಲಿ ಗುಂಡಿಯ ಸರ ನೇತಾಡುತ್ತಿತ್ತು. ದೊಡ್ಡಣ್ಣ ಅದನ್ನು ಬಹಳ ಹೊತ್ತು ನೋಡಿದ.

ಚಾಚಾ ಹತ್ತಿರ ಹೋಗಿ ಅಂಗಿಯ ತುದಿಯಿಂದ ಗಾಜು ಒರೆಸಿದರು. ಗಲ್ಲದ ಕೆಳಗಿನ ನೆರಳನ್ನು ಪೆನ್ಸಿಲಿನಿಂದ ತಿದ್ದಿದ್ದು ಈಗ ದೊಡ್ಡದಾಗಿ ಕಾಣುತ್ತಿದೆ ಎಂದು ತಮ್ಮಷ್ಟಕ್ಕೆ ಗೊಣಗಿದರು.

ಚಹಾ ತಂದಿಟ್ಟು ಅವರ ಹೆಂಡತಿ, ಎಷ್ಟೋ ವರ್ಷದಿಂದ ಕೇಳಬೇಕೆಂದಿದ್ದವರ ಹಾಗೆ, ಮಲಯಾಳದಲ್ಲಿ ಕೇಳಿದರು:

"ಇಕ್ಕಾ, ಅಷ್ಟು ಚೆಂದದ ಕೋಟು. ಅವರು ಊರಿಗೆ ಬರುವಾಗ ಅದನ್ನು ತರಲೇ ಇಲ್ಲ. ಎಲ್ಲಿ ಹೋಯಿತು ಎಂದರೆ ನಗುತ್ತಿದ್ದರು. ಮಗನ ಮದುವೆಗಾದರೂ ಹಾಕಿಕೊಳ್ಳಬಹುದಿತ್ತಲ್ಲ?"

ಚಾಚಾ ಲೋಟ ಕೆಳಗಿಟ್ಟರು. ಅವರ ಹೆಗಲು ಅಲುಗುತ್ತಿತ್ತು. ಅಳುತ್ತಿದ್ದಾರೋ ನಗುತ್ತಿದ್ದಾರೋ ನಮಗೆ ಮೊದಲು ತಿಳಿಯಲಿಲ್ಲ.

"ಹಾಕಿಕೊಳ್ಳುವುದು ಹೇಗೆ ಚೇಚ್ಚಿ, ಅದಕ್ಕೆ ಬೆನ್ನೇ ಇರಲಿಲ್ಲ" ಎಂದರು.